ಹತ್ತು ಹೆಜ್ಜೆಗೆ ಒಂದು ಹೆಜ್ಜೆ

ಗೇಟಕ್ಕ ಮಾಡಿದ ಮೊದಲ ಕಬ್ಬಿಣದ ಹಕ್ಕಿಯನ್ನು ನೋಡಿ ಹಕ್ಕಿಮೇಷ್ಟ್ರು ನಗಲಿಲ್ಲ. ನಕ್ಕಿದ್ದರೂ ವಾಸಿಯಿತ್ತು. ಸೈಕಲನ್ನು ಅಂಗಡಿಯ ಗೋಡೆಗೆ ಒರಗಿಸಿ, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಹಕ್ಕಿಯ ಸುತ್ತ ಎರಡು ಸುತ್ತು ಬಂದು, ಉತ್ತರಪತ್ರಿಕೆಗೆ ಸೊನ್ನೆ ಹಾಕುವ ದನಿಯಲ್ಲಿ, "ಇದರ ಮಂಡಿ ನಿಮ್ಮ ಮಂಡಿ ಹಾಗೆ ಮಡಚಿದೆಯಲ್ಲಮ್ಮಾ" ಎಂದರು.

ಗೇಟಕ್ಕನಿಗೆ ಮೈಯೆಲ್ಲ ಉರಿಯಿತು. ಊರಿನ ಅರ್ಧ ಮನೆಗಳ ಗೇಟು ಅವಳ ಕೈಯಿಂದ ಬಂದದ್ದು, ಅದಕ್ಕೇ ಆ ಹೆಸರು. ಹೆತ್ತವರು ಇಟ್ಟ ಹೆಸರು ಲೈಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಐವತ್ತೆಂಟು ವರ್ಷದಲ್ಲಿ ನಲವತ್ತೆರಡನ್ನು ವೆಲ್ಡಿಂಗ್ ಕಿಡಿಯ ಮುಂದೆ ಕಳೆದವಳು. ಅವಳು ಕೂರಿಸಿದ ಗೇಟು ಜೋತುಬಿದ್ದದ್ದಿಲ್ಲ, ಚಿಲಕ ಸಿಕ್ಕಿಕೊಂಡದ್ದಿಲ್ಲ. ಅಂಥವಳ ಕೆಲಸದಲ್ಲಿ ಹುಳುಕು ಹುಡುಕುವುದಕ್ಕೆ ಈ ರಿಟೈರಾದ ಮೇಷ್ಟ್ರು ಯಾರು? ಆದರೆ ಮೇಷ್ಟ್ರು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅವಳದೇ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಕಾಲು ಬರೆದರು. ನಾವು ಹಕ್ಕಿಯ ಮಂಡಿ ಎಂದುಕೊಳ್ಳುವುದು ಅದರ ಹಿಮ್ಮಡಿಯ ಗಂಟಂತೆ, ಅದಕ್ಕೇ ಹಿಂದಕ್ಕೆ ಮಡಚುತ್ತದಂತೆ. ನಿಜವಾದ ಮಂಡಿ ಮೇಲೆ, ಪುಕ್ಕದೊಳಗೆ ಅಡಗಿರುತ್ತದಂತೆ. ಗೇಟಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗ್ಯಾಸ್ ಕಟರ್ ಹಚ್ಚಿ, ಮೇಷ್ಟ್ರ ಕಣ್ಣೆದುರಿಗೇ ತನ್ನ ಹಕ್ಕಿಯ ಎರಡೂ ಕಾಲನ್ನು ಕತ್ತರಿಸಿ ಹಾಕಿದಳು. ಇಬ್ಬರಿಗೂ ಸ್ನೇಹವಾದದ್ದು ಹಾಗೆ.

ಗೇಟು ಬಿಟ್ಟು ಅವಳು ಹಕ್ಕಿಗೆ ಕೈಹಾಕಿದ್ದು ತಂಗಿಯ ಮಾತಿಗೆ. ತಂಗಿಗೆ ಐವತ್ತಾದರೂ ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ. ತಾಯಿ ಸತ್ತಾಗ ಪುಟ್ಟಿಗೆ ಎಂಟು ವರ್ಷ, ದೊಡ್ಡವಳಿಗೆ ಹದಿನಾರು. ದೊಡ್ಡವಳು ಶಾಲೆ ಬಿಟ್ಟು ಅಪ್ಪನ ಅಂಗಡಿಯಲ್ಲಿ ಕಪ್ಪು ಗಾಜಿನ ಮುಖವಾಡ ತೊಟ್ಟಳು. ಚಿಕ್ಕವಳು ಕಾಲೇಜಿಗೆ ಹೋದಳು, ಹಲ್ಲಿನ ಡಾಕ್ಟರನ್ನು ಮದುವೆಯಾದಳು, ದೊಡ್ಡ ತೋಟದ ಮನೆಗೆ ಯಜಮಾನಿಯಾದಳು, ತೋಟಪ್ರಿಯರ ಸಂಘಕ್ಕೆ ಅಧ್ಯಕ್ಷೆಯೂ ಆದಳು. ಇದರಲ್ಲಿ ಗೇಟಕ್ಕನಿಗೆ ಹೊಟ್ಟೆಕಿಚ್ಚು ಎಂಬುದು ಎಳ್ಳಷ್ಟೂ ಇರಲಿಲ್ಲ. ನಾಲ್ಕು ಜನರ ಮುಂದೆ ಎದ್ದು ನಿಂತರೆ ಅವಳಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ, ಪುಟ್ಟಿ ಮಾತಾಡಿದರೆ ನಾನೂರು ಜನ ತಲೆದೂಗುತ್ತಿದ್ದರು. ಅದನ್ನು ಹಿಂದಿನ ಸಾಲಿನಲ್ಲಿ ಕೂತು ನೋಡುವುದೇ ಅಕ್ಕನಿಗೆ ಹಬ್ಬ.

ಪುಟ್ಟಿಯ ಯೋಜನೆ ಸರಳವಾಗಿತ್ತು. ತೋಟದ ತುಂಬ ಗುಜರಿ ಕಬ್ಬಿಣದ ಹಕ್ಕಿಗಳನ್ನು ನಿಲ್ಲಿಸುವುದು, ಜನರನ್ನು ಕರೆಯುವುದು, ಬೇಕಾದವರು ಕೊಂಡು ತಮ್ಮ ತೋಟಕ್ಕೆ ಒಯ್ಯುವುದು, ಬಂದದ್ದೆಲ್ಲ ಕರಿಗೊರಳನ್ನು ಉಳಿಸುವುದಕ್ಕೆ. ಕರಿಗೊರಳು ಎಂದರೆ ಊರಾಚೆಯ ಜವುಗಿನಲ್ಲಿರುವ ಉದ್ದ ಕಾಲಿನ ಹಕ್ಕಿ. ಮರ ಬಿಟ್ಟು ಜೊಂಡಿನ ನಡುವೆ ನೆಲದ ಮೇಲೆ ಗೂಡು ಕಟ್ಟುವ ಪೆದ್ದು ಹಕ್ಕಿ. ಹಕ್ಕಿಮೇಷ್ಟ್ರು ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಹೋಗಿ ಎಣಿಸುತ್ತಿದ್ದರು. ಮೊದಲು ಎಪ್ಪತ್ತಿದ್ದವು, ಈಗ ಹನ್ನೊಂದು. ಈ ವರ್ಷ ಗೂಡು ನಾಲ್ಕೇ ನಾಲ್ಕು. ನಾಯಿಗಳು ನುಗ್ಗದ ಹಾಗೆ ಬೇಲಿ ಬೇಕಿತ್ತು, ಹಗಲೆಲ್ಲ ಕಾಯುವುದಕ್ಕೆ ಒಬ್ಬ ಆಳು ಬೇಕಿತ್ತು.

ಕಾಲು ಕತ್ತರಿಸಿದ ಮರುವಾರ ಮೇಷ್ಟ್ರು, ಚಿತ್ರ ನೋಡಿ ಮಾಡಿದರೆ ಚಿತ್ರವೇ ಆಗುತ್ತದೆ, ಹಕ್ಕಿ ಆಗುವುದಿಲ್ಲ ಎಂದು ಗೇಟಕ್ಕನನ್ನು ಜವುಗಿಗೆ ಕರೆದುಕೊಂಡು ಹೋದರು. ಅಲ್ಲೊಂದು ಹಾಳುಬಿದ್ದ ಪಂಪ್‌ಹೌಸ್ ಇತ್ತು. ಅದರ ಗೋಡೆಯ ಮರೆಗೆ ನಿಂತು ದುರ್ಬೀನಿನಲ್ಲಿ ನೋಡಬೇಕು, ಒಂದು ಹೆಜ್ಜೆ ಮುಂದೆ ಇಡುವ ಹಾಗಿಲ್ಲ. ಮನುಷ್ಯ ಒಮ್ಮೆ ಗೂಡಿನ ಹತ್ತಿರ ಬಂದನೆಂದರೆ ಕರಿಗೊರಳು ಎದ್ದುಹೋಗುತ್ತದೆ, ಮತ್ತೆ ಆ ಮೊಟ್ಟೆಯ ಮೇಲೆ ಕೂರುವುದಿಲ್ಲ.

"ಹದಿನೈದು ವರ್ಷದಲ್ಲಿ ನಾನು ಇಲ್ಲಿಗೆ ಕರ್ಕೊಂಡು ಬಂದಿರೋದು ನಿಮ್ಮೊಬ್ಬರನ್ನೇ" ಎಂದರು ಮೇಷ್ಟ್ರು. "ಜಾಗ ಯಾರಿಗೂ ಹೇಳಬೇಡಿ. ನಿಮ್ಮ ತಂಗಿಗೂ."

ಗೇಟಕ್ಕ ಹೂಂ ಎಂದಳು. ಆಣೆ ಪ್ರಮಾಣ ಏನೂ ಮಾಡಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಗೇಟು ಮಂಗಳವಾರ ಕೊಡುತ್ತೇನೆ ಎಂದರೆ ಮಂಗಳವಾರ ಕೊಡುವವಳು ಅವಳು. ಊರಿನಲ್ಲಿ ಅವಳ ಮಾತಿಗೆ ಅಷ್ಟು ಬೆಲೆಯಿತ್ತು, ಅವಳಿಗೂ ಅದರ ಮೇಲೆ ಒಂದಿಷ್ಟು ಜಂಬವಿತ್ತು.

ಹನ್ನೆರಡು ದಿನ ಬೆಳಿಗ್ಗೆ ಹೋದಳು. ಹೆಣ್ಣು ಗೂಡಿನ ಮೇಲೆ ಕೂರುವುದು, ಗಂಡು ಪಕ್ಕದಲ್ಲಿ ಒಂಟಿಕಾಲಲ್ಲಿ ಕಾವಲು ನಿಲ್ಲುವುದು, ಗಾಳಿ ಬಂದ ಕಡೆಗೇ ಎರಡೂ ಮುಖ ತಿರುಗಿಸುವುದು, ಎಲ್ಲ ಅವಳ ಕಣ್ಣಿಗೆ ಇಳಿಯಿತು. ಮೊಟ್ಟೆ ಮಾತ್ರ ಒಂದು ದಿನವೂ ಕಾಣಲಿಲ್ಲ. ಹೆಣ್ಣು ಎದ್ದರೆ ಗಂಡು ಕೂರುತ್ತಿತ್ತು. ಹಿಂದಿರುಗಿದವಳೇ ಸೈಕಲ್ ಚೈನು, ಲಾರಿಯ ಸ್ಪ್ರಿಂಗ್ ಪಟ್ಟಿ, ಹಳೆಯ ಸನಿಕೆ ಹಾಕಿಕೊಂಡು ಕೂರುತ್ತಿದ್ದಳು. ಮಾರುವುದಕ್ಕೆ ಗಿಡದ ಕುಂಡದಲ್ಲಿ ಚುಚ್ಚುವಂಥ ಚಿಕ್ಕ ಹಕ್ಕಿಗಳು ನಲವತ್ತು, ಅವಲ್ಲದೆ ಆಳೆತ್ತರದ ದೊಡ್ಡ ಜೋಡಿಗಳು ನಾಲ್ಕು. ಮೂರನೇ ಜೋಡಿಯನ್ನು ನೋಡಿ ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗೇಟಕ್ಕ ಆ ದಿನ ಎರಡು ಲೋಟ ಟೀ ಹೆಚ್ಚಿಗೆ ಕುಡಿದಳು.

ಯಡವಟ್ಟು ಆದದ್ದು ಹಕ್ಕಿಗಳನ್ನು ನಿಲ್ಲಿಸುವಾಗ. ಗೇಟಕ್ಕನಿಗೆ ಕಲ್ಪನೆ ಎಂಬುದು ಕಮ್ಮಿ, ಅಳತೆಯಿಲ್ಲದೆ ಕೈ ಓಡುವುದಿಲ್ಲ. ಯಾರ ಮನೆಗೆ ಹೋದರೂ ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವಳು. ಎಂಟು ಹಕ್ಕಿಗಳನ್ನು ತಂಗಿಯ ತೋಟದಲ್ಲಿ ಹಾಗೂ ಇಟ್ಟಳು, ಹೀಗೂ ಇಟ್ಟಳು, ಹೇಗಿಟ್ಟರೂ ಬಸ್ಸಿಗೆ ಕಾಯುವ ಜನರ ಹಾಗೆ ಕಂಡವು. ಕೊನೆಗೆ ಬೇಸತ್ತು, ಜವುಗಿನಲ್ಲಿ ಹೇಗಿತ್ತೋ ಹಾಗೇ ಇಟ್ಟುಬಿಟ್ಟಳು. ತೋಟದ ಮೂಲೆಯ ಸಿಮೆಂಟ್ ತೊಟ್ಟಿಯೇ ಪಂಪ್‌ಹೌಸ್. ಅಲ್ಲಿನ ಹತ್ತು ಹೆಜ್ಜೆಗೆ ಇಲ್ಲಿ ಒಂದು ಹೆಜ್ಜೆ. ಇಟ್ಟ ಕೂಡಲೇ ತೋಟಕ್ಕೆ ಜೀವ ಬಂತು. ಹಕ್ಕಿಗಳು ತಮಗೆ ಬೇಕಾದ ದೂರದಲ್ಲಿ ತಾವೇ ಬಂದು ನಿಂತ ಹಾಗಿತ್ತು.

ಪುಟ್ಟಿಗೆ ಅದು ಸರಿಬರಲಿಲ್ಲ. ಮೂರನೇ ಜೋಡಿ ಹೂವಿನ ಪಾತಿಯ ಹಿಂದೆ ಮರೆಯಾಗಿದೆ, ಅದನ್ನು ಮುಂಬಾಗಿಲ ಹತ್ತಿರ ಇಟ್ಟರೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದಳು. ಗೇಟಕ್ಕ ಆಗದು ಎಂದಳು. ಯಾಕೆ ಆಗದು? ಆಗದು ಅಂದರೆ ಆಗದು. ಅಕ್ಕತಂಗಿಯರ ಜಗಳ ಎಂಟನೇ ವಯಸ್ಸಿನಲ್ಲಿ ಹೇಗೋ ಐವತ್ತನೇ ವಯಸ್ಸಿನಲ್ಲೂ ಹಾಗೇ. ನಿನಗೆ ಗೇಟಿನ ವಿಷಯ ಗೊತ್ತಿರಬಹುದು ಅಕ್ಕ, ಚೆಂದ ಅಂದರೇನು ಅಂತ ಗೊತ್ತಿಲ್ಲ ಎಂದುಬಿಟ್ಟಳು ಪುಟ್ಟಿ. ಅಲ್ಲಿಗೆ ಗೇಟಕ್ಕನ ಪಿತ್ತ ನೆತ್ತಿಗೇರಿತು.

"ಇದು ನನ್ನ ಚೆಂದ ಅಲ್ಲ, ಅವುಗಳದು" ಎಂದಳು. "ಆ ತೊಟ್ಟಿ ಪಂಪ್‌ಹೌಸ್ ಅಂತ ತಿಳ್ಕೋ. ಹತ್ತು ಹೆಜ್ಜೆಗೆ ಒಂದು ಹೆಜ್ಜೆ. ಅಲ್ಲಿ ಹೆಂಗಿದೆಯೋ ಹಂಗೇ ಇದೆ."

ಪುಟ್ಟಿ ತೋಟವನ್ನು ಒಮ್ಮೆ ತೊಟ್ಟಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಅಕ್ಕನ ತೋಳು ಹಿಡಿದು, ಹಾಗಿದ್ದರೆ ಇಲ್ಲೇ ಇರಲಿ ಬಿಡು ಎಂದಳು. ಜೀವಮಾನದಲ್ಲಿ ಮೊದಲ ಸಲ ಪುಟ್ಟಿ ವಾದದಲ್ಲಿ ಸೋತದ್ದು. ತನ್ನ ಕೆಲಸಕ್ಕೆ ತಂಗಿ ಮರ್ಯಾದೆ ಕೊಟ್ಟಳು ಎಂದು ಗೇಟಕ್ಕ ಹಿಗ್ಗಿದಳು. ಜಾಗ ಹೇಳಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಅವಳ ಪಾಲಿಗೆ ಅದು ಅಳತೆಯ ಮಾತು, ತನ್ನ ಕಸುಬಿನ ಮಾತು.

ಪ್ರದರ್ಶನದ ಎರಡು ದಿನವೂ ಜನವೋ ಜನ. ಚಿಕ್ಕ ಹಕ್ಕಿಗಳು ಮೊದಲ ದಿನ ಊಟದ ಹೊತ್ತಿಗೇ ಖಾಲಿ. ನಾಲ್ಕು ದೊಡ್ಡ ಜೋಡಿಗಳಲ್ಲಿ ಎರಡನ್ನು ಟೈಲ್ಸ್ ಅಂಗಡಿಯ ಯಜಮಾನರೇ ಕೊಂಡರು. ಅವರ ಹೆಂಡತಿ ಮೊಳದುದ್ದದ ಕ್ಯಾಮೆರಾ ನೇತುಹಾಕಿಕೊಂಡು ತೋಟವೆಲ್ಲ ಸುತ್ತಿದರು. ಪುಟ್ಟಿ ಹುಲ್ಲಿನ ಟೋಪಿ ಹಾಕಿಕೊಂಡು ಮಾತಾಡಿದ ಮಾತಿಗೆ ಕೆಲವರು ಕಣ್ಣೊರೆಸಿಕೊಂಡರು. ಕೊನೆಗೆ ಅಕ್ಕನನ್ನು ಕೈಹಿಡಿದು ಮುಂದೆ ಎಳೆದು, ಇವಳು ನನ್ನನ್ನು ಸಾಕಿದವಳು, ಈ ಹಕ್ಕಿಗಳನ್ನೂ ಸಾಕುತ್ತಿದ್ದಾಳೆ ಎಂದಳು. ಗೇಟಕ್ಕ ನೆಲ ನೋಡುತ್ತಾ ನಿಂತಳು. ಮೇಷ್ಟ್ರು ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದುದು ಓರೆಗಣ್ಣಿಗೆ ಕಂಡಿತು. ಅಷ್ಟು ಸುಖದ ದಿನ ಅವಳ ಬದುಕಿನಲ್ಲಿ ಹೆಚ್ಚಿರಲಿಲ್ಲ.

ಮೂರು ದಿನ ಕಳೆದು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಷ್ಟ್ರು ಅಂಗಡಿಗೆ ಬಂದರು. ಬೂಟಿಗೆ ಮೆತ್ತಿದ ಕೆಸರು ಒಣಗಿತ್ತು. ಗೇಟಕ್ಕ ಗ್ರೈಂಡರ್ ನಿಲ್ಲಿಸಿ ನೀರು ಕೊಟ್ಟಳು. ಅರ್ಧ ಲೋಟ ಕುಡಿದು, ಮೂರನೇ ಗೂಡು ಹೋಯಿತು ಎಂದರು. ಮೂರು ಮೊಟ್ಟೆಯೂ ತಣ್ಣಗಾಗಿವೆ, ಜೋಡಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಜೊಂಡು ತುಳಿದು ದಾರಿಯಾಗಿದೆ.

"ಪಂಪ್‌ಹೌಸ್ ಮೂಲೆಯಿಂದ ನೆಟ್ಟಗೆ ಗೂಡಿಗೇ ಹೋಗಿದೆ ದಾರಿ" ಎಂದರು. "ಅತ್ತಿತ್ತ ಎಲ್ಲೂ ತಿರುಗಿಲ್ಲ. ಹುಡುಕ್ಕೊಂಡು ಹೋದವರ ದಾರಿ ಹಾಗಿರಲ್ಲಮ್ಮಾ." ಲೋಟವನ್ನು ಕೈಯಲ್ಲಿ ತಿರುಗಿಸಿದರು. "ನೀವು ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಮೇಷ್ಟ್ರೇ. ಸತ್ಯವಾಗ್ಲೂ ಯಾರಿಗೂ ಹೇಳಿಲ್ಲ."

ಮೇಷ್ಟ್ರು ತಲೆಯೆತ್ತಿ ಅವಳ ಮುಖ ನೋಡಿದರು. ಇನ್ನೇನೋ ಕೇಳುತ್ತಾರೆ ಎಂದು ಗೇಟಕ್ಕ ಕಾದಳು. ಅವರು ಆಯ್ತು ಎಂದು ಎದ್ದು, ಉಳಿದ ನೀರನ್ನು ಕುಡಿಯದೆ ಲೋಟ ಬೆಂಚಿನ ಮೇಲಿಟ್ಟು, ಸೈಕಲ್ ತಳ್ಳಿಕೊಂಡು ಹೋದರು.

ಅವರು ಹೋದಮೇಲೆ ಗೇಟಕ್ಕ ಅತ್ತಳು. ತಾನು ದಿನಾ ನೋಡಿದ ಜೋಡಿ ಅದು, ತಾನು ಮಾಡಿದ್ದರಲ್ಲೆಲ್ಲ ಚೆನ್ನಾಗಿ ಬಂದದ್ದೂ ಅದೇ. ಮೊಟ್ಟೆ ಕದಿಯುವ ಪಾಪಿಗಳನ್ನು, ನಾಯಿ ಬಿಡುವ ದಂಡಪಿಂಡಗಳನ್ನು ಬಾಯಿಗೆ ಬಂದ ಹಾಗೆ ಬೈದಳು. ಮೇಷ್ಟ್ರ ಮೇಲೂ ಒಂದು ಚೂರು ಬೇಸರವಾಯಿತು. ನನ್ನನ್ನು ಕೇಳಬೇಕಿತ್ತೇ ಅವರು, ನನ್ನನ್ನು? ಊಟ ಸೇರಲಿಲ್ಲ. ಮನಸ್ಸು ಬೇರೆ ಕಡೆ ಹೋಗಲಿ ಎಂದು ಬಾಲ್ಕನಿಯ ಗ್ರಿಲ್ಲಿನ ಕೆಲಸ ಹಿಡಿದು, ಸರಳಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಎಣಿಸತೊಡಗಿದಳು. ಹನ್ನೆರಡು, ಹದಿಮೂರು, ಹದಿನಾಲ್ಕು. ಅಲ್ಲಿಗೆ ಕೈ ನಿಂತುಹೋಯಿತು. ತೊಟ್ಟಿಯಿಂದ ಮೂರನೇ ಜೋಡಿಗೆ ಹದಿನಾಲ್ಕು ಹೆಜ್ಜೆ.

ಸೀಮೆಸುಣ್ಣ ಕೆಳಗಿಟ್ಟು ತಂಗಿಯ ಮನೆಯ ಕಡೆ ಹೊರಟಳು. ಆದರೂ ದಾರಿಯುದ್ದಕ್ಕೂ ತಂಗಿಯ ವಕೀಲಿಕೆಯನ್ನು ತಾನೇ ವಹಿಸಿಕೊಂಡಳು. ಪುಟ್ಟಿ ಮಾತಿನಮಲ್ಲಿ ನಿಜ, ಆದರೆ ಇಂಥದ್ದು ಮಾಡುವವಳಲ್ಲ. ಈ ಹಕ್ಕಿಗೋಸ್ಕರ ಅವಳು ಆರು ತಿಂಗಳು ಮನೆಮನೆ ಅಲೆದಿದ್ದಾಳೆ. ನಾನು ಹೋಗಿ ಕೇಳಿದರೆ ಅವಳೇ ನಕ್ಕು, ನಿನಗೆ ತಲೆ ಕೆಟ್ಟಿದೆ ಅಕ್ಕ ಅನ್ನುತ್ತಾಳೆ. ಅನ್ನಲಿ, ಎರಡು ಬೈದರೂ ಬೈಯಲಿ.

ಪುಟ್ಟಿ ವರಾಂಡದಲ್ಲಿ ಕೂತು, ಹಕ್ಕಿ ಕೊಂಡವರಿಗೆ ಧನ್ಯವಾದದ ಕಾರ್ಡುಗಳನ್ನು ಲಕೋಟೆಗೆ ತುಂಬುತ್ತಿದ್ದಳು. ಗೇಟಕ್ಕ ನಿಂತುಕೊಂಡೇ ಕೇಳಿದಳು. ಪುಟ್ಟಿ ಮುಚ್ಚಿಡಲಿಲ್ಲ, ತಡವರಿಸಲೂ ಇಲ್ಲ.

"ಹೂಂ, ನಾನೇ ಕರ್ಕೊಂಡು ಹೋಗಿದ್ದೆ. ಐದೇ ಜನ, ಐದೇ ನಿಮಿಷ."

ಟೈಲ್ಸ್ ಅಂಗಡಿಯವರು, ಅವರ ಹೆಂಡತಿ, ಉಳಿದ ಎರಡು ಜೋಡಿ ಕೊಂಡ ಇಬ್ಬರು, ಜೊತೆಗೆ ತಾನು, ಅಷ್ಟೇ ಜನವಂತೆ. ಕಬ್ಬಿಣದ್ದು ನೋಡಿದೆವು, ನಿಜವಾದದ್ದು ತೋರಿಸಿ ಎಂದು ದುಂಬಾಲು ಬಿದ್ದರಂತೆ. ಗೂಡು ಕಂಡದ್ದೇ ಆ ಯಜಮಾನರ ಕಣ್ಣಲ್ಲಿ ನೀರು ಬಂದು, ಕಾವಲಿನವನ ಐದು ವರ್ಷದ ಸಂಬಳ ನನ್ನದು ಎಂದು ಅಲ್ಲೇ ನಿಂತು ಮಾತು ಕೊಟ್ಟರಂತೆ. ಒಂದು ಗೂಡು ಹೋದದ್ದು ಬೇಜಾರಿನ ವಿಷಯವೇ, ಆದರೆ ಮುಂದಿನ ಐದು ವರ್ಷದ ಅಷ್ಟೂ ಗೂಡುಗಳಿಗೆ ಕಾವಲಾಯಿತಲ್ಲ, ನೀನೇ ಯೋಚನೆ ಮಾಡು ಅಕ್ಕ. ಗೇಟಕ್ಕ ಯೋಚನೆ ಮಾಡಿದಳು. ಪುಟ್ಟಿಯ ಮಾತಿನಲ್ಲಿ ತಪ್ಪು ಹಿಡಿಯುವುದು ಅವಳಿಗೆ ಯಾವತ್ತೂ ಬಂದದ್ದಲ್ಲ, ಈಗಲೂ ಬರಲಿಲ್ಲ. ಜಾಗ ನಿನಗೆ ಹೇಗೆ ಸಿಕ್ಕಿತು ಎಂದಷ್ಟೇ ಕೇಳಿದಳು.

"ನೀನೇ ಹೇಳಿದ್ಯಲ್ಲ. ಇಲ್ಲಿ ಎಣಿಸಿದೆ, ಅಲ್ಲಿ ಅದರ ಹತ್ತರಷ್ಟು ನಡೆದೆ. ಒಂದು ಹೆಜ್ಜೆ ಹೆಚ್ಚುಕಮ್ಮಿ ಆಗಲಿಲ್ಲ ನೋಡು. ನಿನ್ನ ಅಳತೆ ಅಂದ್ರೆ ಅಳತೆ."

ಪುಟ್ಟಿ ಅದನ್ನು ನಿಜವಾಗಿಯೂ ಮೆಚ್ಚಿ ಹೇಳಿದಳು, ಅದನ್ನೇ ಗೇಟಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಕಳ್ಳತನ ಮಾಡಿದವಳು ತಲೆತಗ್ಗಿಸಬೇಕು, ಇವಳು ಬೆನ್ನು ತಟ್ಟುತ್ತಿದ್ದಾಳೆ. ಎಷ್ಟು ಹತ್ತಿರ ಹೋಗಿದ್ದಿರಿ ಎಂದು ಕೇಳಿದಳು. ಕೇಳಬಾರದಿತ್ತು. ಪುಟ್ಟಿಯ ಮುಖ ಅರಳಿತು.

"ಮೊಟ್ಟೆ ಕೈಯಲ್ಲಿ ತಗೊಂಡೆ ಅಕ್ಕ. ಇನ್ನೂ ಬೆಚ್ಚಗಿತ್ತು."

ಗೇಟಕ್ಕ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಹನ್ನೆರಡು ದಿನ ಬೆಳಿಗ್ಗೆ ಗೋಡೆಯ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಳು ಅವಳು. ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು. ಪುಟ್ಟಿ ಲಕೋಟೆಯ ಅಂಟನ್ನು ಉಗುರಿನಿಂದ ಒತ್ತುತ್ತಾ, ತಿಳಿಕಂದು ಬಣ್ಣ, ಮೇಲೆ ಚುಕ್ಕೆ, ಮುಂದಿನ ವರ್ಷ ಗೂಡೂ ಮೊಟ್ಟೆಯೂ ಇರುವ ಜೋಡಿ ಮಾಡಿಬಿಡು, ಕೇಳುವವರು ಇದ್ದಾರೆ ಎಂದು ಹೇಳುತ್ತಲೇ ಇದ್ದಳು. ಈ ಕೈಗೆ ಅನ್ನ ಕಲಸಿ ತುತ್ತು ಇಟ್ಟವಳು ನಾನೇ ಎಂದು ಗೇಟಕ್ಕನಿಗೆ ಅನ್ನಿಸಿತು. ಆ ಕೈಯನ್ನು ನೋಡುವುದಕ್ಕೆ ಆಗಲಿಲ್ಲ.

ಮೇಷ್ಟ್ರಿಗೆ ಏನೆಂದು ಹೇಳುವುದು ಎಂದು ಗೊಣಗಿದಳು. ತಂಗಿಯನ್ನು ಕೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಪುಟ್ಟಿಗೆ ಕೇಳಿಸಿತು.

"ಅವರಿಗೆ ಗೊತ್ತು" ಎಂದಳು. "ಇವತ್ತು ಬೆಳಿಗ್ಗೆ ಒಂಬತ್ತಕ್ಕೇ ಫೋನ್ ಮಾಡಿದ್ರು."

ಟೈಲ್ಸ್ ಅಂಗಡಿಯವರ ಹೆಂಡತಿ ಗೂಡಿನ ಫೋಟೋವನ್ನು ಹತ್ತು ಜನಕ್ಕೆ ಕಳಿಸಿದ್ದರಂತೆ. ಅದು ಅವರಿವರ ಕೈದಾಟಿ ಮೇಷ್ಟ್ರ ಫೋನಿಗೂ ಬಂತು. ಫೋಟೋದ ಮೂಲೆಯಲ್ಲಿ ಪುಟ್ಟಿಯ ಹುಲ್ಲಿನ ಟೋಪಿ ಇತ್ತು. ಜಾಗ ಯಾರು ಹೇಳಿದ್ದು ಎಂದು ಮೇಷ್ಟ್ರು ಕೇಳಿದರು.

"ಅಕ್ಕ ಹೇಳಿದ್ಲು ಅಂದೆ. ಸುಳ್ಳೇನಲ್ಲವಲ್ಲ."

ಒಂಬತ್ತಕ್ಕೆ ಫೋನು. ಹನ್ನೊಂದಕ್ಕೆ ಮೇಷ್ಟ್ರು ಅಂಗಡಿಯಲ್ಲಿ. ಯಾರಿಗಾದರೂ ಹೇಳಿದಿರಾ ಎಂದು ಕೇಳಿದಾಗ ಅವರಿಗೆ ಎಲ್ಲವೂ ಗೊತ್ತಿತ್ತು. ಅವರೆದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಸತ್ಯವಾಗಲೂ ಇಲ್ಲ ಎಂದಿದ್ದಳು ಗೇಟಕ್ಕ. ನಲವತ್ತೆರಡು ವರ್ಷ ಒಂದೊಂದು ಮಂಗಳವಾರವನ್ನೂ ಉಳಿಸಿಕೊಂಡು ಬಂದ ಮಾತು, ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ನೀರುಪಾಲಾಗಿತ್ತು. ಪುಟ್ಟಿಗೆ ಅಕ್ಕನ ಮುಖ ನೋಡಿ ಗಾಬರಿಯಾಯಿತು. ಲಕೋಟೆ ಬದಿಗಿಟ್ಟು, ನಾನು ಮೇಷ್ಟ್ರ ಹತ್ತಿರ ಮಾತಾಡಿ ಎಲ್ಲ ಸರಿಮಾಡುತ್ತೇನೆ, ನೀನು ಸುಮ್ಮನಿರು ಎಂದಳು.

"ಬೇಡ" ಎಂದಳು ಗೇಟಕ್ಕ. "ನನ್ನ ಪರವಾಗಿ ಇನ್ನು ನೀನು ಯಾರ ಹತ್ರಾನೂ ಮಾತಾಡಬೇಡ. ಅಂಗಡಿಗೂ ಬರಬೇಡ."

ಪುಟ್ಟಿ ಅಳತೊಡಗಿದಳು. ಅವಳು ಅತ್ತರೆ ಓಡಿಬರುವುದು ತಂಗಿಗೆ ಎಂಟು ವರ್ಷವಾದಾಗಿನಿಂದ ಅಕ್ಕನಿಗೆ ಆದ ಅಭ್ಯಾಸ. ಗೇಟಕ್ಕ ಮೆಟ್ಟಿಲಿಳಿದು ಹೊರಟಳು. ಹಿಂದಿರುಗಿ ನೋಡಬೇಕು ಎಂದು ಎರಡು ಸಲ ಅನ್ನಿಸಿತು, ನೋಡಲಿಲ್ಲ.

ಸಂಜೆ ಐದಕ್ಕೆ ಮೇಷ್ಟ್ರ ಮನೆ ತಲುಪಿದಾಗ ಅವರು ಜಗಲಿಯಲ್ಲಿ ಕೂತು ಬೂಟಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ಬನ್ನಿ ಎಂದು ಮಣೆ ಸರಿಸಿದರು. ಗೇಟಕ್ಕ ಕೂರಲಿಲ್ಲ. ನಾನೇ ಹೇಳಿದ್ದು ಮೇಷ್ಟ್ರೇ ಎಂದು ಶುರುಮಾಡಿ, ತೋಟ, ತೊಟ್ಟಿ, ಹೆಜ್ಜೆಯ ಅಳತೆ, ತಂಗಿಯೊಡನೆ ಜಗಳ, ಸಿಟ್ಟಿನಲ್ಲಿ ಬಾಯಿಬಿಟ್ಟದ್ದು, ಬೆಳಿಗ್ಗೆ ಅದು ನೆನಪಿಗೇ ಬಾರದಿದ್ದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಿದ್ದ ಹಾಗೆ ತನ್ನ ಮಾತು ತನಗೇ ಕಟ್ಟುಕತೆಯ ಹಾಗೆ ಕೇಳತೊಡಗಿತು. ನೆನಪಿರಲಿಲ್ಲ ಎನ್ನುವುದನ್ನು ಯಾರು ನಂಬುತ್ತಾರೆ? ಬೇರೆ ಯಾರಾದರೂ ಹೇಳಿದ್ದರೆ ಅವಳೇ ನಂಬುತ್ತಿರಲಿಲ್ಲ.

ಮೇಷ್ಟ್ರು ಕಡ್ಡಿ ಕೆಳಗಿಟ್ಟರು.

"ಗೂಡಿನ ವಿಷಯಕ್ಕೆ ನಿಮ್ಮ ಮೇಲೆ ಕೋಪ ಇಲ್ಲಮ್ಮಾ. ಬಾಯಿ ತಪ್ಪಿ ಬರೋದು ಯಾರಿಗೂ ಆಗುತ್ತೆ. ನಾನು ಕೇಳಿದಾಗ ನೀವು ಹೂಂ ಅಂತೀರಿ ಅಂದ್ಕೊಂಡೇ ಬಂದಿದ್ದೆ."

ಗೇಟಕ್ಕ ಏನು ಹೇಳಿದರೂ ನೆಪವೇ ಆಗುತ್ತಿತ್ತು. ಕೊನೆಗೆ, ಉಳಿದ ಮೂರು ಗೂಡು ನೋಡುವುದಕ್ಕೆ ನಾಳೆ ನಾನೂ ಬರಲಾ ಎಂದು ಕೇಳಿದಳು. ಮೇಷ್ಟ್ರು ಬೀದಿಯ ಕಡೆ ನೋಡಿ, ಸದ್ಯಕ್ಕೆ ಬೇಡಮ್ಮಾ, ಆಮೇಲೆ ನೋಡೋಣ ಎಂದರು. ದನಿಯಲ್ಲಿ ಒಂದಿಷ್ಟೂ ಗಡಸಿರಲಿಲ್ಲ, ದಾರಿ ಕೇಳಿದ ಹೊಸಬರೊಡನೆ ಮಾತಾಡುವಷ್ಟು ಮೆತ್ತಗಿತ್ತು. ಎದ್ದು ಬೀದಿಯ ತಿರುವಿನ ತನಕ ಜೊತೆಗೆ ಬಂದರು. ಅಲ್ಲಿ ನಿಂತು, ಹುಷಾರಾಗಿ ಹೋಗಿ ಎಂದರು. ಗೇಟಕ್ಕ ಹೂಂ ಎಂದು ನಡೆದಳು.